ಬಿಪಿ, ಸಕ್ಕರೆ ಕೈಮೀರುವ ಮೊದಲು: ಊರಿನ ಕುಟುಂಬಾರೋಗ್ಯ ಕೇಂದ್ರವನ್ನು ವರ್ಷವಿಡೀ ಬಳಸಿಕೊಳ್ಳುವ ಕ್ರಮ

ಕಾಸರಗೋಡು, ಮಂಜೇಶ್ವರದ ಕನ್ನಡ ಮನೆಗಳಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ತಲೆ ತಿರುಗಿತೆಂದು ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ, ಸಾವಿರಗಟ್ಟಲೆ ಕೊಟ್ಟು ‘ಫುಲ್ ಬಾಡಿ ಚೆಕಪ್’ ಮಾಡಿಸುತ್ತಾರೆ, ಒಂದು ತಿಂಗಳ ಮಾತ್ರೆ ತರುತ್ತಾರೆ. ಮಾತ್ರೆ ಮುಗಿಯುವ ಹೊತ್ತಿಗೆ ಬಿಪಿ ಇಳಿದಿರುತ್ತದೆ. ‘ಈಗ ನಾರ್ಮಲ್ ಉಂಟಲ್ಲ’ ಎಂದು ನಿಲ್ಲಿಸುತ್ತಾರೆ. ಎರಡು ವರ್ಷ ಬಿಟ್ಟು ಇನ್ನೊಬ್ಬ ಡಾಕ್ಟರು, ಇನ್ನೊಂದು ಲ್ಯಾಬ್, ಇನ್ನೊಂದು ಫೈಲು. ನಡುವಿನ ಲೆಕ್ಕ ಯಾರ ಬಳಿಯೂ ಇಲ್ಲ.

ಮೂತ್ರಪಿಂಡ, ಕಣ್ಣು, ಹೃದಯ ಹಾಳಾಗುವುದು ಆ ನಡುವಿನ ಕಾಲದಲ್ಲೇ. ಏರಿದ ಬಿಪಿ ನೋಯುವುದಿಲ್ಲ. ಸಕ್ಕರೆ 200 ದಾಟಿದರೂ ಎಷ್ಟೋ ಮಂದಿಗೆ ಸುಳಿವೇ ಸಿಗುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ: ಮೊದಲು ಅಳತೆ, ಆಮೇಲೆ ಡಾಕ್ಟರು, ಆಮೇಲೆ ಪಥ್ಯ. ಹಿಂದುಮುಂದಾದರೆ ಕೆಲಸ ಕೆಡುತ್ತದೆ. ಪರೀಕ್ಷೆಗೆ ಮೂರು ದಿನ ಮೊದಲು ಅನ್ನ, ಸಿಹಿ ಬಿಟ್ಟು ಹೋದವರ ಖಾಲಿಹೊಟ್ಟೆ ಸಕ್ಕರೆ ಚಂದ ಬರುತ್ತದೆ. ಆ ರಿಪೋರ್ಟು ನಂಬಿ ಡಾಕ್ಟರೂ ಸುಮ್ಮನಾಗುತ್ತಾರೆ.

ಮೊದಲು ಒಟ್ಟು ಮಾಡಿಕೊಳ್ಳಬೇಕಾದವು

ಇನ್ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ ಒಂದು. ದರ್ಜಿಯವರ ಅಳತೆ ಟೇಪು. ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಯಂತ್ರ. ಮಣಿಕಟ್ಟಿಗೆ ಕಟ್ಟುವುದು ಬೇಡ, ಕೈ ಸ್ವಲ್ಪ ಮೇಲೆ ಕೆಳಗಾದರೂ ಅಂಕಿ ಓಡಾಡುತ್ತದೆ. ಸಕ್ಕರೆ ಕಾಯಿಲೆ ಇದೆ ಎಂದು ಖಚಿತವಾದವರಿಗೆ ಮಾತ್ರ ಗ್ಲೂಕೋಮೀಟರ್. ಇಲ್ಲದವರು ಅದಕ್ಕೆ ದುಡ್ಡು ಹಾಕಬೇಕಾಗಿಲ್ಲ.

ಹಂತ 1: ಒಂದು ಕೇಂದ್ರ ಹಿಡಿಯಿರಿ, ಬಿಡಬೇಡಿ

ಕೇರಳದಲ್ಲಿ 2017ರಿಂದ ಆರ್ದ್ರಂ ಮಿಷನ್ ಅಡಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಒಂದೊಂದಾಗಿ ಕುಟುಂಬಾರೋಗ್ಯ ಕೇಂದ್ರಗಳಾಗುತ್ತಾ ಬಂದಿವೆ. ಬಿಪಿ, ಸಕ್ಕರೆಗೆ ಬೇಕಾದ ಸಾಮಾನ್ಯ ಮಾತ್ರೆ, ಮೂಲ ರಕ್ತಪರೀಕ್ಷೆ, ಜೀವನಶೈಲಿ ರೋಗಗಳ ಕ್ಲಿನಿಕ್ ಇಲ್ಲೇ ಇವೆ. ಹಲವು ಕಡೆ ಸಂಜೆಯ ಓ.ಪಿ.ಯೂ ಇದೆ. ಮನೆಗೆ ಇನ್ನೂ ಹತ್ತಿರ ಇರುವುದು ಉಪಕೇಂದ್ರ. ಅದರ ಬೋರ್ಡಿನಲ್ಲಿ ಈಗ ‘ಜನಕೀಯ ಆರೋಗ್ಯ ಕೇಂದ್ರ’ ಎಂದಿರುತ್ತದೆ. ಬಿಪಿ ನೋಡಿಸಲಿಕ್ಕೆ ಅಷ್ಟು ಸಾಕು.

ಆಧಾರ್ ಮತ್ತು ಅದಕ್ಕೆ ಜೋಡಿಸಿದ ಫೋನು ತೆಗೆದುಕೊಂಡು ಹೋಗಿ, ಇ-ಹೆಲ್ತ್ (ಕೇರಳದ ಸರಕಾರಿ ಆಸ್ಪತ್ರೆಗಳ ಕಂಪ್ಯೂಟರ್ ದಾಖಲೆ) ನೋಂದಣಿ ಸಂಖ್ಯೆ ಮಾಡಿಸಿಕೊಳ್ಳಿ. ಆ ಸಂಖ್ಯೆಯನ್ನು ಪುಸ್ತಕದ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಯಿರಿ. ಜೀವನಶೈಲಿ ಕ್ಲಿನಿಕ್ ವಾರದ ಯಾವ ದಿನ ಎಂದು ಕೇಳಿ, ಅದನ್ನೂ ಬರೆದಿಡಿ. ಸಾಮಾನ್ಯ ಓ.ಪಿ.ಯ ಜ್ವರದ ಸಾಲಿನಲ್ಲಿ ಬಿಪಿಗಾಗಿ ನಿಂತರೆ ಡಾಕ್ಟರಿಗೂ ಪುರುಸೊತ್ತಿಲ್ಲ, ನಿಮಗೂ ಸಮಾಧಾನವಿಲ್ಲ.

ಮಂಗಳೂರಿನ ತಜ್ಞರನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ. ಅಲ್ಲಿಗೆ ವರ್ಷಕ್ಕೊಮ್ಮೆ ಹೋದರೂ ಲೆಕ್ಕ ಇಡುವ ಜಾಗ ಊರಿನ ಕೇಂದ್ರವೇ ಆಗಿರಲಿ.

ಹಂತ 2: ಆಶಾ ಕಾರ್ಯಕರ್ತೆಗೆ ನಿಜ ಹೇಳಿ, ಆಧಾರದ ಅಂಕಿ ಬರೆಯಿರಿ

30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಬಂದು, ಫೋನಿನ ‘ಶೈಲಿ’ ಆ್ಯಪಿನಲ್ಲಿ ಪ್ರಶ್ನೆ ಕೇಳಿ ದಾಖಲಿಸುತ್ತಾರೆ: ಹೊಗೆಸೊಪ್ಪು ಉಂಟಾ, ಕುಡಿಯುತ್ತೀರಾ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಇತ್ತಾ. ನೆರೆಯವರೂ ಜಗಲಿಯಲ್ಲಿ ಕೂತಿರುವಾಗ ಎಲ್ಲದಕ್ಕೂ ‘ಇಲ್ಲ, ಇಲ್ಲ’ ಎಂದುಬಿಡುವುದು ರೂಢಿ. ಹಾಗೆಂದರೆ ಅಪಾಯದ ಅಂಕ ಕಡಿಮೆ ಬಿದ್ದು, ಮುಂದಿನ ತಪಾಸಣೆಗೆ ನಿಮ್ಮನ್ನು ಕರೆಯುವುದೇ ಇಲ್ಲ. ನಾಲ್ಕು ಜನರೆದುರು ಬೇಡವಾದರೆ ಆಮೇಲೆ ಉಪಕೇಂದ್ರಕ್ಕೆ ಹೋಗಿ ಹೇಳಿ.

ಪುಸ್ತಕದ ಎರಡನೆಯ ಪುಟದಲ್ಲಿ ಎತ್ತರ, ತೂಕ, ಸೊಂಟದ ಸುತ್ತಳತೆ. ಸೊಂಟ ಅಳೆಯುವುದು ಲುಂಗಿ ಕಟ್ಟುವ ಜಾಗದಲ್ಲಲ್ಲ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಎಲುಬಿನ ನಡುಮಧ್ಯದಲ್ಲಿ, ಉಸಿರು ಬಿಟ್ಟ ಮೇಲೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ನಮ್ಮ ಜನಕ್ಕೆ ಅಪಾಯದ ಗೆರೆ. ಕೈಕಾಲು ಸಪೂರ ಇದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ‘ನಾನು ದಪ್ಪ ಇಲ್ಲ’ ಎಂದು ಸುಮ್ಮನಿರುತ್ತಾರೆ, ಆದರೆ ಸಕ್ಕರೆ ಕಾಯಿಲೆಗೆ ಲೆಕ್ಕ ಹೊಟ್ಟೆಯದೇ.

ಹಂತ 3: ಬಿಪಿ ಅಳೆಯುವುದು

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ. ಬಸ್ಸಿಳಿದು ಗುಡ್ಡ ಹತ್ತಿ ಬಂದವರ ತೋಳಿಗೆ ಅಂಗಿಯ ಮೇಲೆಯೇ ಪಟ್ಟಿ ಸುತ್ತಿ ನೋಡಿದರೆ ಬರುವುದು ಗುಡ್ಡದ ಬಿಪಿ.

ಅಳೆಯುವ ಅರ್ಧ ಗಂಟೆ ಮೊದಲು ಚಹಾ, ಕಾಫಿ, ಬೀಡಿ, ಎಲೆಅಡಿಕೆ ಬೇಡ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ತಾಗುವಂತೆ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ಕೈಯನ್ನು ಮೇಜಿನ ಮೇಲಿಡಿ, ಪಟ್ಟಿ ಎದೆಯ ಮಟ್ಟಕ್ಕೆ ಬರಲಿ. ಬರಿ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ ಪಟ್ಟಿ ಕಟ್ಟಿ. ಗಾಳಿ ತುಂಬುವಾಗ ಮಾತು ಬೇಡ, ಪಕ್ಕದಲ್ಲಿರುವವರೂ ಪ್ರಶ್ನೆ ಕೇಳಬಾರದು. ಒಂದು ನಿಮಿಷ ಬಿಟ್ಟು ಎರಡನೆಯ ಸಲ ನೋಡಿ.

ಪಟ್ಟಿಯ ಗಾತ್ರವನ್ನು ಯಾರೂ ಗಮನಿಸುವುದಿಲ್ಲ. ಸಾಮಾನ್ಯವಾಗಿ ಯಂತ್ರದ ಜೊತೆ ಬರುವುದು 22ರಿಂದ 32 ಸೆಂ.ಮೀ. ತೋಳಿಗೆ. ತೋಳಿನ ನಡುಭಾಗವನ್ನು ಟೇಪಿನಲ್ಲಿ ಅಳೆಯಿರಿ. 34 ಬಂದರೆ ದೊಡ್ಡ ಪಟ್ಟಿ ಬೇಕು. ಚಿಕ್ಕ ಪಟ್ಟಿ ದಪ್ಪ ತೋಳಿನಲ್ಲಿ ಬಿಪಿಯನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗುವುದು ಹೀಗೆ.

ಮೊದಲ ಸಲ ಎರಡೂ ಕೈಯಲ್ಲಿ ನೋಡಿ, ಹೆಚ್ಚು ಬಂದ ಕೈಯನ್ನೇ ಮುಂದೆ ಬಳಸಿ. ಏಳು ದಿನ, ಬೆಳಗ್ಗೆ (ಮಾತ್ರೆ, ತಿಂಡಿಗೆ ಮೊದಲು) ಎರಡು ಸಲ, ರಾತ್ರಿ ಎರಡು ಸಲ ಬರೆಯಿರಿ. ಮೊದಲ ದಿನದ್ದು ಬಿಟ್ಟು ಉಳಿದ 24 ಅಂಕಿಗಳ ಸರಾಸರಿ ತೆಗೆಯಿರಿ. ಒಂದು ಸಾಲು ಹೀಗಿರಲಿ:

12ನೇ ತಾರೀಕು, ಬೆಳಗ್ಗೆ 6.40, ಬಲಗೈ, 146/88, 142/86, ನಾಡಿ 78, ರಾತ್ರಿ ಕೋಲಕ್ಕೆ ಹೋಗಿ ನಿದ್ದೆ ಇಲ್ಲ.

ಆ ಕೊನೆಯ ಐದು ಪದ ಮುಖ್ಯ. ಯಕ್ಷಗಾನವೋ ಕೋಲವೋ ನೋಡಿ ನಿದ್ದೆಗೆಟ್ಟ ಬೆಳಗ್ಗಿನ ಅಂಕಿಯನ್ನು ಡಾಕ್ಟರು ಬೇರೆಯಾಗಿ ನೋಡಬೇಕು.

ಮನೆಯ ಸರಾಸರಿ 135/85 ಅಥವಾ ಮೇಲಿದ್ದರೆ, ಇಲ್ಲವೇ ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ 140/90 ಅಥವಾ ಮೇಲೆ ಬಂದರೆ, ಅದು ಅಧಿಕ ರಕ್ತದೊತ್ತಡ. ಒಂದೇ ಸಲದ ಅಂಕಿಗೆ ಹೆದರುವುದೂ ಬೇಡ, ಒಂದೇ ಸಲದ್ದನ್ನು ನಂಬಿ ಹಿಗ್ಗುವುದೂ ಬೇಡ.

ಹಂತ 4: ಸಕ್ಕರೆ ನೋಡಿಸುವುದು

ಹಿಂದಿನ ದಿನದವರೆಗೆ ಎಂದಿನಂತೆ ಉಣ್ಣಿ. ರಾತ್ರಿ ಊಟದ ನಂತರ ಕನಿಷ್ಠ 8 ಗಂಟೆ ನೀರು ಬಿಟ್ಟು ಬೇರೇನೂ ಬೇಡ; ಸಕ್ಕರೆ ಹಾಕದ ಕಾಫಿಯೂ ಬೇಡ. ಖಾಲಿಹೊಟ್ಟೆಯಲ್ಲಿ 100ರ ಒಳಗೆ ಇದ್ದರೆ ಸರಿ. 100ರಿಂದ 125 ಇದ್ದರೆ ಅಂಚಿನಲ್ಲಿದ್ದೀರಿ, ಹಿಂದೆ ಬರಲು ಒಳ್ಳೆಯ ಅವಕಾಶವಿರುವುದು ಈ ಹಂತದಲ್ಲಿ. 126 ಅಥವಾ ಮೇಲೆ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಿ ಖಚಿತಪಡಿಸಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ರ ಒಳಗೆ ಸರಿ, 6.5 ಮುಟ್ಟಿದರೆ ಕಾಯಿಲೆ. ರಕ್ತಹೀನತೆ ಇದ್ದವರಲ್ಲಿ ಈ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಲ್ಯಾಬಿನಲ್ಲಿ ರಕ್ತನಾಳದಿಂದ ತೆಗೆದ ರಕ್ತದಿಂದ. ಮನೆಯ ಗ್ಲೂಕೋಮೀಟರ್ ಇರುವುದು ಏರಿಳಿತ ನೋಡಲಿಕ್ಕೆ. ಅದರಲ್ಲೂ ಒಂದು ತಮಾಷೆಯ ತಪ್ಪು ಉಂಟು: ಹಲಸಿನ ಹಣ್ಣು ಬಿಡಿಸಿದ ಕೈಯಲ್ಲೋ ಮಾವಿನಹಣ್ಣು ಹಿಂಡಿದ ಕೈಯಲ್ಲೋ ಚುಚ್ಚಿ ನೋಡುವುದು. ಬೆರಳಿಗಂಟಿದ ಹಣ್ಣಿನ ರಸವೇ ಅಂಕಿಯನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಸ್ಪಿರಿಟಿನಲ್ಲಿ ಒರೆಸಿದರೆ ಸಾಲದು; ಸಾಬೂನು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಬೆರಳ ತುದಿಯ ಬದಿಯಲ್ಲಿ ಚುಚ್ಚಿ. ಮಳೆಗಾಲದಲ್ಲಿ ಸ್ಟ್ರಿಪ್ಪಿನ ಡಬ್ಬಿ ತೆರೆದಿಟ್ಟರೆ ತೇವಕ್ಕೆ ಹಾಳಾಗುತ್ತದೆ. ಒಂದು ತೆಗೆದ ಕೂಡಲೇ ಮುಚ್ಚಳ ಹಾಕಿ.

ಹಂತ 5: ಡಾಕ್ಟರ ಮುಂದೆ ಮೂರು ನಿಮಿಷ

ಸಿಗುವ ಸಮಯ ಕಡಿಮೆ. ಪುಸ್ತಕದಲ್ಲಿ ಸರಾಸರಿ ಬರೆದ ಪುಟ ತೆರೆದೇ ಕೊಡಿ. ಮನೆಯಲ್ಲಿ ತೆಗೆದುಕೊಳ್ಳುವ ಎಲ್ಲವನ್ನೂ ಒಂದು ಚೀಲದಲ್ಲಿ ತನ್ನಿ: ಮಂಗಳೂರಿನ ಮಾತ್ರೆ, ಆಯುರ್ವೇದದ ಅರಿಷ್ಟ, ಬೆನ್ನುನೋವಿಗೆ ಅಂಗಡಿಯಿಂದ ತಂದದ್ದು. ಕೊನೆಯದನ್ನು ಹೆಚ್ಚಿನವರು ಮದ್ದು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಡಿಕೆ ಕೊಯ್ಲು, ಗೊಬ್ಬರ ಹೊರುವ ದಿನಗಳಲ್ಲಿ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ಗುಳಿಗೆ ಬಿಪಿ ಏರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು.

ಕೇಳಬೇಕಾದ್ದು ಮೂರು. ನನ್ನ ಬಿಪಿ, ಸಕ್ಕರೆಯ ಗುರಿ ಎಷ್ಟು? ಮಾತ್ರೆ ಮರೆತರೆ ಏನು ಮಾಡಲಿ? ಮತ್ತೆ ಯಾವಾಗ ಬರಲಿ? ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಏಕಾದಶಿ, ರಂಜಾನ್ ಉಪವಾಸ ಹಿಡಿಯುವವರು ಒಂದೆರಡು ತಿಂಗಳು ಮೊದಲೇ ಹೇಳಬೇಕು. ಮಾತ್ರೆಯ ಹೊತ್ತು, ಪ್ರಮಾಣ ಎರಡೂ ಬದಲಾಗುತ್ತವೆ.

ಹಂತ 6: ಅಡುಗೆಮನೆಯ ಲೆಕ್ಕ

ಉಪ್ಪಿನಿಂದ ಶುರು ಮಾಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚ. ಇದನ್ನು ದಿನವೂ ತೂಗುತ್ತಾ ಕೂರಲು ಆಗುವುದಿಲ್ಲ. ಸುಲಭದ ದಾರಿ ಇದು: ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ನಾಲ್ವರು ದೊಡ್ಡವರ ಮನೆಯಲ್ಲಿ ಅದು ಕಡಿಮೆಯೆಂದರೂ 50 ದಿನ ಬರಬೇಕು. 30 ದಿನಕ್ಕೇ ಖಾಲಿಯಾದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿದೆ. ಕಲ್ಲುಪ್ಪು, ಇಂದುಪ್ಪು ಎಂದು ವಿನಾಯಿತಿ ಇಲ್ಲ, ಎಲ್ಲದರಲ್ಲೂ ಇರುವುದು ಸೋಡಿಯಮ್ಮೇ.

ಈ ಲೆಕ್ಕಕ್ಕೆ ಸಿಗದ ಉಪ್ಪು ಭರಣಿಯಲ್ಲಿ, ಡಬ್ಬಿಯಲ್ಲಿ ಕೂತಿದೆ: ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ). ಉಪ್ಪುಸೊಳೆಯನ್ನು ರಾತ್ರಿ ನೀರಿನಲ್ಲಿ ಹಾಕಿ, ಬೆಳಗ್ಗೆ ಆ ನೀರು ಚೆಲ್ಲಿ ಇನ್ನೊಮ್ಮೆ ನೆನೆಸಿ ಹಿಂಡಿ. ಪಲ್ಯಕ್ಕೆ ಮತ್ತೆ ಉಪ್ಪು ಹಾಕುವ ಮೊದಲು ಬಾಯಿಗೆ ಹಾಕಿ ನೋಡಿ. ಒಣಮೀನಿಗೂ ಹೀಗೆಯೇ. ಗಂಜಿಯ ಬದಿಗೆ ಉಪ್ಪಿನಕಾಯಿ ಮತ್ತು ಹಪ್ಪಳ ಎರಡೂ ಬೇಡ, ಒಂದು ಇರಲಿ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು, ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ತರಬೇಡಿ.

ಇನ್ನು ಅನ್ನ. ಬೆಳ್ತಿಗೆಯಿಂದ ಕುಚ್ಚಿಲಿಗೆ ಬದಲಾಯಿಸಿದ್ದು ಒಳ್ಳೆಯದೇ, ಆದರೆ ಕುಚ್ಚಿಲು ಅಂತ ಎರಡು ಸೌಟು ಹೆಚ್ಚು ಬಡಿಸಿಕೊಂಡರೆ ಲಾಭ ಮುಗಿಯಿತು. ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಊಟ, ಸಂಜೆ ಅವಲಕ್ಕಿ, ರಾತ್ರಿ ಗಂಜಿ ಎಂದರೆ ನಾಲ್ಕು ಹೊತ್ತೂ ಅಕ್ಕಿಯೇ. ಒಂದು ಹೊತ್ತಿನದನ್ನು ಹೆಸರುಕಾಳು, ಕಡಲೆ ಉಸ್ಲಿಗೆ ಬದಲಾಯಿಸಿ. ಬಡಿಸುವ ಕ್ರಮ ತಿರುಗಿಸಿ: ಮೊದಲು ತಟ್ಟೆಯ ಅರ್ಧಕ್ಕೆ ಪಲ್ಯ, ಸೊಪ್ಪಿನ ತಂಬುಳಿ, ಕಾಲು ಭಾಗಕ್ಕೆ ಕಾಳು ಅಥವಾ ಮೀನು, ಉಳಿದ ಕಾಲು ಭಾಗಕ್ಕೆ ಅನ್ನ. ಬಸಳೆ, ಹರಿವೆ, ತೊಂಡೆ, ಅಲಸಂಡೆ ಪಲ್ಯದ ಲೆಕ್ಕಕ್ಕೆ ಸೇರುತ್ತವೆ. ಗೆಣಸು, ಬಾಳೆಕಾಯಿ, ಹಲಸಿನ ಸೊಳೆಯ ಪಲ್ಯವಾದರೆ ಅದು ಅನ್ನದ ಪಾಲು, ಅಷ್ಟು ಅನ್ನ ಕಡಿಮೆ ಮಾಡಿ. ಬೂತಾಯಿ, ಬಂಗುಡೆ ಗಸಿಯಲ್ಲಿ ಒಳ್ಳೆಯದು. ಕರಿದರೆ ಎಣ್ಣೆಯ ಲೆಕ್ಕ ಬೇರೆ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆ ಸಾಕು, ನಮ್ಮಲ್ಲಿ ತೆಂಗಿನಕಾಯಿ ಹೇಗೂ ದಿನಾ ಬೀಳುತ್ತದೆ.

ದಿನಕ್ಕೆ ಐದು ಚಹಾ, ಒಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ 50 ಗ್ರಾಂ ಚಹಾದಲ್ಲೇ ಹೋಯಿತು. ಬೆಲ್ಲಕ್ಕೆ ಬದಲಾಯಿಸಿ ಪ್ರಯೋಜನವಿಲ್ಲ, ರಕ್ತದಲ್ಲಿ ಏರುವುದು ಅದೇ ಸಕ್ಕರೆ.

ಹಂತ 7: ನಡಿಗೆ, ಎಲೆಅಡಿಕೆ

ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಅಂದರೆ ಐದು ದಿನ 30 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ವೇಗದ ಅಳತೆ. ‘ತೋಟದ ಕೆಲಸ ಉಂಟು’ ಎನ್ನುವವರು ತಮ್ಮನ್ನೇ ಕೇಳಿಕೊಳ್ಳಲಿ: ಅಡಿಕೆ ಹಾಳೆ ಹೊತ್ತದ್ದು ನಾವೋ, ಕೆಲಸದವರೋ? ಬದಿಯಲ್ಲಿ ನಿಂತು ಸ್ಪ್ರಿಂಕ್ಲರ್ ತಿರುಗಿಸಿದ್ದು ಲೆಕ್ಕಕ್ಕಿಲ್ಲ. ಜೂನ್‌ನಿಂದ ಮಳೆ ಹಿಡಿದರೆ ಜಗಲಿಯ ಉದ್ದಕ್ಕೇ ಹತ್ತತ್ತು ನಿಮಿಷ, ಮೂರು ಸಲ.

ಅಡಿಕೆ ಬೆಳೆಯುವ ಊರಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು: ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಜಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣ. ತಿಂಗಳಿಗೊಮ್ಮೆ ಕನ್ನಡಿ ಮುಂದೆ ಬಾಯಿ ತೆರೆಯಿರಿ. ನಿಮ್ಮದೇ ಮೂರು ಬೆರಳು ನೆಟ್ಟಗೆ ಒಳಗೆ ಹೋಗದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರವಾದರೂ ಹುಣ್ಣು ಮಾಯದಿದ್ದರೆ, ಮುಂದಿನ ಕ್ಲಿನಿಕ್ ದಿನಕ್ಕೆ ಕಾಯದೆ ತೋರಿಸಿ.

ಹಂತ 8: ಮಾತ್ರೆಯ ಶಿಸ್ತು

ಬಿಪಿ ಇಳಿದದ್ದು ಮಾತ್ರೆಯಿಂದ. ನಿಲ್ಲಿಸಿದರೆ ಕೆಲವೇ ದಿನಗಳಲ್ಲೋ ವಾರಗಳಲ್ಲೋ ಮತ್ತೆ ಏರುತ್ತದೆ. ಕೇಂದ್ರದಲ್ಲಿ ಸಾಮಾನ್ಯವಾಗಿ ತಿಂಗಳ ಮಟ್ಟಿಗೆ ಕೊಡುತ್ತಾರೆ. ಏಳು ದಿನದ ಮಾತ್ರೆ ಉಳಿದಿರುವಾಗಲೇ ಹೋಗಿ.

ಗಡಿಯೂರಿನ ವಿಶೇಷ ಅಪಾಯ ಒಂದುಂಟು. ಮಂಗಳೂರಿನಲ್ಲಿ ಬರೆದ ಬ್ರ್ಯಾಂಡ್ ಮಾತ್ರೆ ಒಂದು, ಇಲ್ಲಿ ಕೊಟ್ಟದ್ದು ಇನ್ನೊಂದು. ಹೆಸರು ಬೇರೆ ಎಂದು ಎರಡನ್ನೂ ನುಂಗುತ್ತಾರೆ, ಒಳಗಿರುವುದು ಮಾತ್ರ ಒಂದೇ ಮದ್ದು. ತಜ್ಞರ ಬಳಿ ಮೂಲ ಔಷಧದ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಿ, ಎರಡೂ ಕಡೆಯ ಮದ್ದಿನ ಚೀಟಿಯನ್ನು ಇಲ್ಲಿನ ಫಾರ್ಮಸಿಸ್ಟರಿಗೆ ಒಟ್ಟಿಗೆ ತೋರಿಸಿ.

ಕವರಿನ ಮೇಲೆ, ಕೌಂಟರಿನಲ್ಲಿ ಹೇಳುವುದು ಮಲಯಾಳದಲ್ಲಿ. ಹೊತ್ತು ತಪ್ಪುವುದು ಇಲ್ಲಿಯೇ. ಈ ಮಾತುಗಳು ಗೊತ್ತಿರಲಿ: ರಾವಿಲೆ ಎಂದರೆ ಬೆಳಗ್ಗೆ, ಉಚ್ಚಯ್ಕ್ಕ್ ಎಂದರೆ ಮಧ್ಯಾಹ್ನ. ಭಕ್ಷಣತ್ತಿನು ಮುಂಬ್ ಅಂದರೆ ಊಟಕ್ಕೆ ಮೊದಲು, ಭಕ್ಷಣತ್ತಿನು ಶೇಷಂ ಅಂದರೆ ಊಟದ ನಂತರ, ವೆರುಂ ವಯಟ್ಟಿಲ್ ಅಂದರೆ ಖಾಲಿಹೊಟ್ಟೆಯಲ್ಲಿ. ಪ್ರಮೇಹಂ ಸಕ್ಕರೆ ಕಾಯಿಲೆ, ರಕ್ತಸಮ್ಮರ್ದಂ ಬಿಪಿ. ಸಂಶಯವಿದ್ದರೆ ಪುಸ್ತಕ ಮುಂದಿಟ್ಟು ‘1-0-1’ ಎಂದು ಬರೆಸಿಕೊಳ್ಳಿ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅಂಕಿಗೆ ಭಾಷೆಯ ತಕರಾರಿಲ್ಲ.

ಬಿಪಿಯ ಆಮ್ಲೋಡಿಪಿನ್ ಮಾತ್ರೆ ಶುರು ಮಾಡಿದ ಮೇಲೆ ಪಾದ ಊದಿದರೆ, ಎನಲಾಪ್ರಿಲ್‌ನಿಂದ ಒಣಕೆಮ್ಮು ಹತ್ತಿದರೆ ಡಾಕ್ಟರಿಗೆ ಹೇಳಿ, ಬದಲಿ ಮಾತ್ರೆ ಇದೆ. ತಾವಾಗಿಯೇ ನಿಲ್ಲಿಸುವುದು ಬೇಡ. ಸಕ್ಕರೆಯ ಮಾತ್ರೆ ಮೆಟ್‌ಫಾರ್ಮಿನ್ ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆ ಕೆಡುವುದು ಕಡಿಮೆ. ವಾಂತಿಭೇದಿ ಹಿಡಿದ ದಿನ ಬಿಪಿ, ಸಕ್ಕರೆ ಮಾತ್ರೆಯನ್ನು ಎಂದಿನಂತೆ ನುಂಗುವ ಮೊದಲು ಕೇಂದ್ರಕ್ಕೋ, ಕೇರಳದ ದಿಶಾ ಸಹಾಯವಾಣಿ 1056 ಅಥವಾ 104ಕ್ಕೋ ಫೋನು ಮಾಡಿ ಕೇಳಿ.

ಹಂತ 9: ವರ್ಷಕ್ಕೊಮ್ಮೆ

ಕಾಯಿಲೆ ಇಲ್ಲದ 30 ದಾಟಿದವರಿಗೆ ವರ್ಷಕ್ಕೊಂದು ಸಲ ಬಿಪಿ, ಸಕ್ಕರೆ, ಸೊಂಟದಳತೆ. ಐದು ವರ್ಷಕ್ಕೊಮ್ಮೆ ಬಾಯಿ ತಪಾಸಣೆ. ಹೆಂಗಸರಿಗೆ ಅದರ ಜೊತೆ ಸ್ತನ ಮತ್ತು ಗರ್ಭಕೊರಳಿನದ್ದು. ಈ ಕೊನೆಯದನ್ನು ನಾಚಿಕೆಯಿಂದ ಬಿಟ್ಟವರೇ ಹೆಚ್ಚು. ಉಪಕೇಂದ್ರದ ಸಿಸ್ಟರ್ ಬಳಿ ಮೊದಲೇ ಮಾತಾಡಿ ದಿನ ಗೊತ್ತು ಮಾಡಿಕೊಂಡರೆ ಸಲೀಸು.

ಸಕ್ಕರೆ ಕಾಯಿಲೆ ಇದ್ದವರಿಗೆ ಇಷ್ಟು ಸಾಲದು. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ), ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್, ಕೊಲೆಸ್ಟ್ರಾಲ್, ಕಣ್ಣಿನ ಒಳಪರದೆಯಾದ ರೆಟಿನಾ, ಪಾದದ ಸ್ಪರ್ಶ ಪರೀಕ್ಷೆ ಪ್ರತಿ ವರ್ಷ ಆಗಲೇಬೇಕು. ಕ್ರಿಯಾಟಿನಿನ್ ಸರಿ ಇದೆ ಎಂದು ಮೂತ್ರದ್ದನ್ನು ಬಿಡುತ್ತಾರೆ. ಮೂತ್ರಪಿಂಡದ ಸೋರಿಕೆ ಮೊದಲು ಕಾಣುವುದು ಮೂತ್ರದಲ್ಲಿ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದ್ದು ರೆಟಿನಾ ಪರೀಕ್ಷೆ ಅಲ್ಲ. ಪಾದವನ್ನಂತೂ ದಿನಾ ರಾತ್ರಿ ತೊಳೆದು, ಬೆರಳ ಸಂದು ಒರೆಸಿ, ಅಡಿ ನೋಡಿ. ತೋಟಕ್ಕೆ ಬರಿಗಾಲಲ್ಲಿ ಇಳಿದವರಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗದೆ ಹೋಗಬಹುದು.

ತಡಮಾಡಬಾರದ ಲಕ್ಷಣಗಳು

ಸಕ್ಕರೆ ಇಳಿದಾಗ: ಬೆವರು, ನಡುಕ, ಮಾತು ತೊದಲು, ಅಂಕಿ 70ರ ಒಳಗೆ. ಎಚ್ಚರ ಇದ್ದರೆ ಮೂರು ಚಹಾ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಯಾಗದಿದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ.

ಬಿಪಿ 180/120 ದಾಟಿದರೆ ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಹಾಗೆಯೇ ಇದ್ದು ಬೇರೆ ತೊಂದರೆ ಇಲ್ಲದಿದ್ದರೆ ಅದೇ ದಿನ ಕೇಂದ್ರಕ್ಕೆ ಹೋಗಿ. ಎದೆನೋವು, ಉಸಿರಿನ ಕಷ್ಟ, ಕಣ್ಣು ಮಂಜು, ವಿಪರೀತ ತಲೆನೋವು ಜೊತೆಗಿದ್ದರೆ 108.

ಮುಖ ಒಂದು ಬದಿಗೆ ವಾಲಿದರೆ, ಕೈ ಎತ್ತಲಾಗದಿದ್ದರೆ, ಮಾತು ತಡವರಿಸಿದರೆ ಅದು ಪಾರ್ಶ್ವವಾಯು. ಆಗ ಊರಿನ ಕೇಂದ್ರಕ್ಕೆ ಹೋಗಿ ಸಮಯ ಕಳೆಯಬೇಡಿ, ಸಿ.ಟಿ. ಸ್ಕ್ಯಾನ್ ಇದ್ದು ಪಾರ್ಶ್ವವಾಯುವಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ನೇರ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಸಮಯ. ದಾರಿಯಲ್ಲಿ ಆಸ್ಪಿರಿನ್ ಕೊಡಬೇಡಿ, ಬಿಪಿ ಇಳಿಸಲು ನಾಲಗೆಯಡಿ ಮಾತ್ರೆ ಇಡಬೇಡಿ. ಪುಸ್ತಕ, ಮಾತ್ರೆಯ ಚೀಲ ಎರಡನ್ನೂ ಗಾಡಿಗೆ ಹಾಕಿ. ರೋಗಿ ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ ಎಂದು ಮನೆಯವರನ್ನು ಕೇಳಿ, ಕೈಯ ಮೇಲಾದರೂ ಬರೆದುಕೊಂಡು ಹೊರಡಿ. ಅಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.